ಮೇಲುಗಲ್ಲಿನ ಅರ್ಧ ಇಂಚು

ಅರ್ಧ ಟನ್ ತೂಕದ ಕಲ್ಲನ್ನು ಮಗುಚಿ ಹಾಕುವಾಗ ಯಾರೂ ಮಾತಾಡಬಾರದು ಎಂಬುದು ಆ ಗಿರಣಿಯ ನಿಯಮ. ನಾನು ಮಾತಾಡಿದೆ. "ನೋಡಿ, ನನ್ನ ಡ್ರಾಯಿಂಗ್‌ನಲ್ಲಿ ಹೇಗಿತ್ತೋ ಹಾಗೇ ಬಂದಿದೆ!" ಎಂದು ಹಿಗ್ಗಿನಿಂದ ಕೂಗಿಯೇಬಿಟ್ಟೆ. ಡೆಟ್ರಾಯಿಟ್‌ನಿಂದ ಬಂದಿದ್ದ ಕಲ್ಲುಕುಟಿಗ ಕೈ ಒರೆಸಿಕೊಳ್ಳುತ್ತಾ ತಲೆಯಾಡಿಸಿದ. ಡ್ರಾಯಿಂಗ್‌ನಲ್ಲಿ ಇದ್ದ ಹಾಗೇ ಬಂದಿತ್ತು, ಅದರಲ್ಲಿ ಸುಳ್ಳಿಲ್ಲ. ಮುಂದಿನ ಒಂದು ತಿಂಗಳು ನಾನು ಪಟ್ಟ ಪಾಡಿಗೆಲ್ಲ ಅದೇ ಕಾರಣ.

ಗಿರಣಿ ಇರುವುದು ಶಿಕಾಗೋ ಹತ್ತಿರದ ಅರೋರಾದಿಂದ ಪಶ್ಚಿಮಕ್ಕೆ ಇಪ್ಪತ್ತು ಮೈಲಿ ದೂರದ ಒಂದು ಕೌಂಟಿ ಪಾರ್ಕಿನಲ್ಲಿ. ಸುತ್ತಲೂ ಮೆಕ್ಕೆಜೋಳದ ಹೊಲ, ನಡುವೆ ಎಂಟು ಮೂಲೆಯ ಬಿಳಿಯ ಮರದ ಕಟ್ಟಡ, ಅದರ ನೆತ್ತಿಯಲ್ಲಿ ನಾಲ್ಕು ದೊಡ್ಡ ರೆಕ್ಕೆ. ಅದು ಹುಟ್ಟಿದ್ದು ಇಲ್ಲಿಯಲ್ಲ. ಇಂಗ್ಲೆಂಡಿನ ದಕ್ಷಿಣದಲ್ಲಿ, ಸಸೆಕ್ಸ್ ಸೀಮೆಯ ಒಂದು ಸುಣ್ಣಕಲ್ಲಿನ ಗುಡ್ಡದ ಮೇಲೆ ಅದು ಗಾಳಿಗೆ ತಿರುಗುತ್ತಾ ಆ ಊರಿನ ಗೋಧಿ ಬೀಸುತ್ತಿತ್ತು. ಸಮುದ್ರದಲ್ಲಿ ಹೋಗುವ ಹಡಗುಗಳಿಗೆ ದಡದ ಗುರುತೂ ಅದೇ ಆಗಿತ್ತಂತೆ. ಇಲ್ಲಿನ ಒಬ್ಬ ಶ್ರೀಮಂತ ಜಮೀನುದಾರ ಪ್ರವಾಸಕ್ಕೆ ಹೋದಾಗ ಅದನ್ನು ನೋಡಿ, ಮೋಹಗೊಂಡು, ಬಿಚ್ಚಿಸಿ, ಪ್ರತಿ ತೊಲೆಯ ಮೇಲೂ ಉಳಿಯಿಂದ ಗುರುತು ಕೆತ್ತಿಸಿ ಹಡಗಿಗೆ ಹಾಕಿಸಿಕೊಂಡು ಬಂದನಂತೆ. ಈಗ ಎಕ್ಸಿಟ್ ಮಿಸ್ ಮಾಡಿಕೊಂಡು ಬಂದವರಿಗೆ ಯೂ ಟರ್ನ್ ತೆಗೆದುಕೊಳ್ಳಲು ಅದು ಗುರುತಾಗಿದೆ.

ನನ್ನ ಆಫೀಸು ಡೌನರ್ಸ್ ಗ್ರೋವ್‌ನಲ್ಲಿ. ಹಳೆಯ ಯಂತ್ರಗಳು ಯಾಕೆ ಅದುರುತ್ತವೆ ಎಂದು ಅಳೆದು ರಿಪೇರಿ ಮಾಡುವ ಸಣ್ಣ ಕಂಪನಿ. ಆ ಗಿರಣಿಯ ರೆಕ್ಕೆಗಳು ತಿರುಗುತ್ತಿದ್ದವು, ಆದರೆ ಕಲ್ಲುಗಳು ಸವೆದು ಬಹಳ ವರ್ಷಗಳಿಂದ ಹಿಟ್ಟು ಬೀಸುವುದು ನಿಂತಿತ್ತು. ಅದನ್ನು ಮತ್ತೆ ಬೀಸುವ ಹಾಗೆ ಮಾಡುವ ಕೆಲಸ ನಮಗೆ ಬಂತು. ಪಾರ್ಕಿನ ಮಂಡಳಿಯ ಷರತ್ತು ಸ್ಪಷ್ಟವಾಗಿತ್ತು: ಸೆಪ್ಟೆಂಬರ್ ತಿಂಗಳ ಕೊನೆಯ ಶನಿವಾರ ಮಂಡಳಿಯವರ ಎದುರು ಒಂದು ಚೀಲ ಗೋಧಿ ಬೀಸಬೇಕು. ಹಿಟ್ಟು ತಣ್ಣಗಿರಬೇಕು, ಒಂದೇ ಸಮನಾಗಿರಬೇಕು. ಸರಿ ಬಂದರೆ ಪ್ರತಿ ವಾರ ಬೀಸಬಹುದು. ಬರದಿದ್ದರೆ ರೆಕ್ಕೆಯ ದಂಡ ತಿರುಗದ ಹಾಗೆ ಬೋಲ್ಟ್ ಹಾಕಿ ಗಿರಣಿಯನ್ನು ಪ್ರದರ್ಶನದ ವಸ್ತು ಮಾಡಿಬಿಡುತ್ತಾರೆ. ಟೋಪಿ ಹಾಕಿದ ಒಂದು ಮರದ ಗೊಂಬೆಯನ್ನು ಒಳಗೆ ನಿಲ್ಲಿಸುವ ಆಲೋಚನೆಯೂ ಅವರಿಗಿತ್ತು.

ಈ ಗೊಂಬೆಯ ವಿಷಯ ಕೇಳಿ ಅತಿ ಹೆಚ್ಚು ಉರಿದುಬಿದ್ದವರು ಗಿರಣಿಗಾರರು. ಎಪ್ಪತ್ತು ದಾಟಿದವರು, ಆ ಕಟ್ಟಡದಲ್ಲೇ ಅರ್ಧ ಆಯಸ್ಸು ಕಳೆದವರು. "ಬೀಸದೇ ಇರೋ ಗಿರಣಿಗೆ ನಾನ್ಯಾಕೆ? ಬಾಗಿಲು ತೆಗೆಯೋಕೆ ಬೀಗದ ಕೈ ಸಾಕು," ಎಂದಿದ್ದರು. ಅವರಾಡಿದ್ದು ಇಂಗ್ಲಿಷಿನಲ್ಲೇ, ಬರೆಯುವಾಗ ನಮ್ಮ ಮಾತಿಗೆ ತಂದುಕೊಂಡಿದ್ದೇನೆ.

ಬೀಸುಗಲ್ಲು ಎಂದರೆ ಎರಡು ಗುಂಡನೆಯ ಕಲ್ಲು. ಕೆಳಗಲ್ಲು ಅಲುಗಾಡುವುದಿಲ್ಲ, ಮೇಲುಗಲ್ಲು ತಿರುಗುತ್ತದೆ. ಇವು ನಾಲ್ಕಡಿ ಅಗಲದವು. ಎರಡರ ಮುಖದ ಮೇಲೂ ನಡುವಿನಿಂದ ಅಂಚಿನ ಕಡೆಗೆ ಓರೆಯಾಗಿ ಹೋಗುವ ಸಾಲುಗಳನ್ನು ಕೆತ್ತಿರುತ್ತಾರೆ. ಹತ್ತು ಭಾಗ, ಭಾಗಕ್ಕೆ ನಾಲ್ಕು ಸಾಲು. ಕಾಳು ನಡುವಿನ ತೂತಿನಿಂದ ಬಿದ್ದು, ಆ ಸಾಲುಗಳ ಅಂಚಿಗೆ ಸಿಕ್ಕಿ, ಕತ್ತರಿಸಿಕೊಂಡು, ಹಿಟ್ಟಾಗಿ ಅಂಚಿನಿಂದ ಹೊರಗೆ ಬರುತ್ತದೆ. ಕೆಳಗಲ್ಲಿನ ಸಾಲುಗಳು ಮಸುಕಾಗಿಯಾದರೂ ಉಳಿದಿದ್ದವು. ಮೇಲುಗಲ್ಲು ಮಾತ್ರ ಬೋಳು ತಲೆಯ ಹಾಗೆ ನುಣ್ಣಗಾಗಿತ್ತು.

ನಾನು ಕೆಳಗಲ್ಲನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ತಂದೆ. ಮೇಲುಗಲ್ಲಿನ ಡ್ರಾಯಿಂಗ್ ಬೇಕಲ್ಲ? ಈ ದೇಶಕ್ಕೆ ಬರುವ ಮೊದಲು ನಾನು ಪೀಣ್ಯದಲ್ಲಿ ಪ್ಲಾಸ್ಟಿಕ್ ಡಬ್ಬಿಗಳ ಅಚ್ಚು ಮಾಡುತ್ತಿದ್ದವಳು. ಅಚ್ಚಿನ ಕೆಲಸದಲ್ಲಿ ಮುಖಾಮುಖಿ ಕೂರುವ ಎರಡು ಭಾಗಗಳು ಒಂದಕ್ಕೊಂದು ಕನ್ನಡಿಯ ಬಿಂಬವಾಗಿರಬೇಕು. ಇಲ್ಲೂ ಅದೇ ತಾನೇ ಎಂದುಕೊಂಡು ಒಂದು ಗುಂಡಿ ಒತ್ತಿ ಬಿಂಬ ಮಾಡಿದೆ, ಪೂರ್ತಿ ಅಳತೆಗೆ ಪ್ರಿಂಟ್ ಹಾಕಿಸಿ ಕಲ್ಲುಕುಟಿಗನ ಕೈಗೆ ಕೊಟ್ಟೆ. ಗಿರಣಿಗಾರರು ಆ ಎರಡು ವಾರ ಸೊಂಟದ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿದ್ದರು. ಅವರು ಒಂದು ಸಲ ನೋಡಿದ್ದರೂ ನನ್ನ ಬಂಡವಾಳ ಅಲ್ಲೇ ಬಯಲಾಗುತ್ತಿತ್ತು.

ಸೆಪ್ಟೆಂಬರ್ ಮೊದಲ ವಾರ ಪ್ರಯೋಗಕ್ಕೆ ಒಂದಿಷ್ಟು ಗೋಧಿ ಹಾಕಿದೆವು. ಗಾಳಿ ಚೆನ್ನಾಗಿತ್ತು. ಗಿರಣಿಗಾರರು ಕೋಲೂರಿಕೊಂಡು ಕೆಳಗಿನ ಅಂತಸ್ತಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹಿಟ್ಟು ಬೀಳುವ ಕೊಳವೆಯ ಬಾಯಿಗೆ ಚೀಲ ಕಟ್ಟಿ ನಿಂತಿದ್ದವರು ಅರೋರಾದ ಆಂಟಿ. ಇವರು ಗದಗಿನ ಕಡೆಯವರು, ತವರಿನಲ್ಲಿ ಹಿಟ್ಟಿನ ಗಿರಣಿ ಇತ್ತು. ಮಗಳ ಮನೆಗೆ ಬಂದು ನೆಲೆಸಿದ ಮೇಲೆ ಬೇಜಾರು ಕಳೆಯಲು ಪಾರ್ಕಿನಲ್ಲಿ ವಾಲಂಟಿಯರ್ ಆಗಿ ಸೇರಿಕೊಂಡವರು. ಗಿರಣಿಗಾರರಿಗೂ ಆಂಟಿಗೂ ಒಬ್ಬರ ಭಾಷೆ ಒಬ್ಬರಿಗೆ ಅರ್ಧಂಬರ್ಧ. ಆದರೆ ಇಬ್ಬರೂ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಂದೇ ರೀತಿ ತಿಕ್ಕಿ ನೋಡುತ್ತಿದ್ದರು.

ಹಿಟ್ಟು ಬಂತು. ಆಂಟಿ ಕೈಯೊಡ್ಡಿ ಥಟ್ಟನೆ ಹಿಂದಕ್ಕೆಳೆದುಕೊಂಡರು.

"ಏನವಾ ತಂಗಿ, ಹಿಟ್ಟು ಹಿಂಗ ಸುಡಾಕತ್ತೈತಿ?"

"ಹೊಸದಾಗಿ ಕೆತ್ತಿದ್ದಲ್ವಾ ಆಂಟಿ, ಸ್ವಲ್ಪ ಹೊತ್ತು ಓಡಿದ್ರೆ ಸರಿ ಹೋಗುತ್ತೆ."

"ಸರಿ ಹೋಗೂದಲ್ಲಿದು. ಇದರಾಗ ಅರ್ಧ ನುಚ್ಚು, ಅರ್ಧ ಹಿಟ್ಟು. ಇದನ್ನ ಚಪಾತಿ ಮಾಡಿದ್ರ ನಮ್ಮ ಅಳಿಯಾ ಊರು ಬಿಟ್ಟು ಹೋಗ್ತಾನ."

ಥರ್ಮಾಮೀಟರ್ ಹಾಕಿದೆ. ಫ್ಯಾರನ್‌ಹೀಟ್‌ನಲ್ಲಿ ನೂರ ನಲವತ್ತು ಡಿಗ್ರಿ ದಾಟಿತ್ತು. ಜೊತೆಗೆ ಇಡೀ ಅಂತಸ್ತು ಗಡಗಡ ಅದುರುತ್ತಿತ್ತು. ಗಿರಣಿಗಾರರು ಒಂದು ಚಿಟಿಕೆ ಹಿಟ್ಟು ತೆಗೆದುಕೊಂಡು ಮೂಸಿ, ಕೈ ಒರೆಸಿಕೊಂಡರು. ಬೈದಿದ್ದರೆ ವಾಸಿಯಿತ್ತು.

ಅದುರುವುದು ನನ್ನ ಕ್ಷೇತ್ರ. ಹೀಗಾಗಿ ನನಗೆ ಇನ್ನೂ ಧೈರ್ಯವಿತ್ತು. ಮೊದಲ ಅನುಮಾನ ಬಂದದ್ದು ಮರದ ಹಲ್ಲುಗಳ ಮೇಲೆ. ರೆಕ್ಕೆಯ ಶಕ್ತಿಯನ್ನು ಕಲ್ಲಿಗೆ ತಲುಪಿಸುವ ಚಕ್ರಗಳಿಗೆ ಸೇಬಿನ ಮರದ ಹಲ್ಲುಗಳಿವೆ. ನಾಲ್ಕು ದಿನ ಅವುಗಳ ಹಿಂದೆ ಬಿದ್ದೆ. ಪ್ರತಿ ಹಲ್ಲಿಗೂ ಸೀಮೆಸುಣ್ಣ ಬಳಿದು ಎಲ್ಲಿ ತಾಗುತ್ತದೆ ಎಂದು ನೋಡಿದೆ, ಎರಡನ್ನು ಬದಲಾಯಿಸಿದೆ, ಎಲ್ಲಕ್ಕೂ ಜೇನುಮೇಣ ಹಚ್ಚಿದೆ. ಮತ್ತೆ ಓಡಿಸಿದರೆ ಅದೇ ಗಡಗಡ, ಅದೇ ಬಿಸಿ. ಎಂಟನೇ ತರಗತಿಯಲ್ಲಿ ಲೆಕ್ಕ ತಪ್ಪಿದಾಗ ಪೆನ್ಸಿಲ್ ಬದಲಾಯಿಸುತ್ತಿದ್ದೆ. ಆ ಬುದ್ಧಿ ಇನ್ನೂ ಹೋಗಿರಲಿಲ್ಲ.

ಐದನೇ ದಿನ ಕಲ್ಲಿನ ಚೌಕಟ್ಟಿಗೆ ಸೆನ್ಸರ್ ಅಂಟಿಸಿ, ಲ್ಯಾಪ್‌ಟಾಪ್ ಎದುರಿಟ್ಟುಕೊಂಡು ಎಣಿಸಲು ಕೂತೆ. ಮೇಲುಗಲ್ಲು ಸೆಕೆಂಡಿಗೆ ಎರಡು ಸುತ್ತು ತಿರುಗುತ್ತಿತ್ತು. ಅದನ್ನು ತಿರುಗಿಸುವ ಚಿಕ್ಕ ಚಕ್ರಕ್ಕೆ ಇಪ್ಪತ್ತೊಂದು ಹಲ್ಲು. ತಪ್ಪು ಹಲ್ಲುಗಳದಾಗಿದ್ದರೆ ಸೆಕೆಂಡಿಗೆ ನಲವತ್ತೆರಡು ಪೆಟ್ಟು ಕಾಣಬೇಕು. ಕಂಡದ್ದು ಇಪ್ಪತ್ತು. ಎಂದರೆ ಒಂದು ಸುತ್ತಿಗೆ ಹತ್ತು. ಈ ಗಿರಣಿಯಲ್ಲಿ ಹತ್ತು ಇರುವುದು ಏನು? ರೆಕ್ಕೆ ನಾಲ್ಕು, ಗೋಡೆ ಎಂಟು. ಹತ್ತು ಇರುವುದು ಕಲ್ಲಿನ ಮೇಲಿನ ಭಾಗಗಳು ಮಾತ್ರ.

ಅಷ್ಟರಲ್ಲಿ ಆಂಟಿ ಊಟಕ್ಕೆ ಕರೆದರು. ಕಾಗದದ ತಟ್ಟೆಗಳಲ್ಲಿ ಚಪಾತಿ, ಬದನೆಕಾಯಿ ಪಲ್ಯ. ನಾನು ತಿನ್ನುವುದು ಬಿಟ್ಟು ಎರಡು ಖಾಲಿ ತಟ್ಟೆ ತೆಗೆದುಕೊಂಡೆ. ಮಾರ್ಕರಿನಿಂದ ಒಂದರ ಮೇಲೆ ಕೆಳಗಲ್ಲಿನ ಓರೆ ಗೆರೆಗಳನ್ನು ಬರೆದೆ, ಇನ್ನೊಂದರ ಮೇಲೆ ನನ್ನ ಡ್ರಾಯಿಂಗಿನ ಗೆರೆಗಳನ್ನು. ಎರಡನೆಯದನ್ನು ಮಗುಚಿ ಮೊದಲನೆಯದರ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಎಲ್ಲ ಗೆರೆಗಳೂ ಒಂದರ ಮೇಲೊಂದು ಸರಿಯಾಗಿ ಕೂತಿದ್ದವು. ನಂಬದೆ ತಟ್ಟೆಗಳನ್ನು ಬಿಡಿಸಿ ಇನ್ನೊಮ್ಮೆ ಹಿಡಿದು ನೋಡಿದೆ.

ಗೆರೆಗಳು ಹಾಗೆ ಕೂರಲೇಬಾರದು. ಒಂದನ್ನೊಂದು ಅಡ್ಡ ಹಾಯಬೇಕು, ಕತ್ತರಿಯ ಎರಡು ಅಲಗುಗಳ ಹಾಗೆ. ಅದಕ್ಕೆ ಎರಡೂ ಕಲ್ಲುಗಳನ್ನು ಮುಖ ಮೇಲೆ ಮಾಡಿ ಇಟ್ಟಾಗ ಎರಡರ ಮೇಲೂ ಒಂದೇ ಚಿತ್ರ ಇರಬೇಕು. ಮಗುಚಿದಾಗ ಮೇಲಿನದರ ಗೆರೆಗಳು ತಾವಾಗಿಯೇ ಎದುರು ದಿಕ್ಕಿಗೆ ಓರೆಯಾಗುತ್ತವೆ. ನಾನು ಮೊದಲೇ ಬಿಂಬ ಮಾಡಿ ಕೊಟ್ಟಿದ್ದೆ. ಮಗುಚಿದ ಮೇಲೆ ಸಾಲಿನ ಮೇಲೆ ಸಾಲು ಬಂತು. ಕಾಳು ಕತ್ತರಿಸುವ ಬದಲು ಒಳಗೇ ಸಿಕ್ಕಿಕೊಂಡು ಅರೆಯುತ್ತಿತ್ತು, ಹತ್ತು ಭಾಗಗಳು ಒಂದರ ಮೇಲೊಂದು ಬಂದಾಗಲೆಲ್ಲ ಕಲ್ಲು ಧಡ್ ಎನ್ನುತ್ತಿತ್ತು.

"ಏನಾತ? ಪಲ್ಯ ಖಾರ ಆತೇನ?" ಎಂದರು ಆಂಟಿ.

"ಪಲ್ಯ ಚೆನ್ನಾಗಿದೆ ಆಂಟಿ. ನಾನೇ ಎಡವಟ್ಟು ಮಾಡಿದೀನಿ."

ಅಂದು ಮಧ್ಯಾಹ್ನ ಬಾಸ್‌ಗೆ ಫೋನ್ ಮಾಡಿದೆ. ಕೆತ್ತಿದ ಸಾಲುಗಳು ಅರ್ಧ ಇಂಚು ಆಳವಿದ್ದವು. ಅವನ್ನು ಅಳಿಸಬೇಕೆಂದರೆ ಇಡೀ ಮುಖವನ್ನು ಅರ್ಧ ಇಂಚು ತೆಗೆದು ಹೊಸದಾಗಿ ಕೆತ್ತಬೇಕು. ಅಷ್ಟು ಕಲ್ಲು ಮಾಮೂಲಿಯಾಗಿ ಸವೆಯಲು ದಶಕಗಳೇ ಬೇಕು. ಬಾಸ್ ಒಳ್ಳೆಯವನೇ, ಆದರೆ ಹೆದರಿದ. "ಕಲ್ಲು ತೀರಾ ಹಳೆಯದು, ಬೀಸೋಕೆ ಯೋಗ್ಯವಿಲ್ಲ ಅಂತ ರಿಪೋರ್ಟ್ ಬರಿ. ಪ್ರದರ್ಶನಕ್ಕೆ ಇಡಲಿ. ಯಾರಿಗೂ ಅನುಮಾನ ಬರಲ್ಲ," ಎಂದ. ಯಾರಿಗೂ ಬರುತ್ತಿರಲಿಲ್ಲ, ಅದು ನಿಜ. ನನ್ನದು ವರ್ಕ್ ವೀಸಾ. ಕೆಲಸ ಹೋದರೆ ಅರವತ್ತು ದಿನದಲ್ಲಿ ಗಂಟುಮೂಟೆ ಕಟ್ಟಬೇಕು. ಕಾರಿನಲ್ಲಿ ಕೂತು ಹತ್ತು ನಿಮಿಷ ಈ ಎರಡು ಸತ್ಯಗಳನ್ನು ತೂಗಿ ನೋಡಿದೆ. ಆ ಹತ್ತು ನಿಮಿಷದ ಬಗ್ಗೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಮರದ ಗೊಂಬೆ ಟೋಪಿ ಹಾಕಿಕೊಂಡು ನಿಂತದ್ದು ಕಣ್ಣಿಗೆ ಬಂತು. ಕಾರಿನಿಂದಿಳಿದು ಒಳಗೆ ಹೋಗಿ, ಗಿರಣಿಗಾರರ ಮುಂದೆ ಎರಡು ತಟ್ಟೆಗಳನ್ನೂ ಹಿಡಿದು, ಎಲ್ಲ ಹೇಳಿದೆ.

ಅವರು ತಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಮುಖ ನೋಡಲಿಲ್ಲ.

"ಸಸೆಕ್ಸ್‌ನಲ್ಲಿ ಯಾರೋ ಕೂರಿಸಿದ ಕಲ್ಲು ಅದು," ಎಂದರು ಕೊನೆಗೆ. "ಎಷ್ಟು ಜನ ಗಿರಣಿಗಾರರು ಅದನ್ನ ಜೋಪಾನ ಮಾಡಿ ನನ್ನ ಕೈಗೆ ಕೊಟ್ಟರು. ನೀನು ಒಂದು ಗುಂಡಿ ಒತ್ತಿ ಅರ್ಧ ಇಂಚು ತಿಂದೆ."

"ಹೌದು."

"ಬೇರೆ ದಾರಿ ಇಲ್ವಾ?"

"ಇಲ್ಲ. ತೆಗೀಲೇಬೇಕು. ಇಲ್ಲಾಂದ್ರೆ ಬೋಲ್ಟ್ ಹಾಕಬೇಕು."

ಅವರು ಕೋಲು ಊರಿ ಎದ್ದರು. "ಹಾಗಾದ್ರೆ ತೆಗಿ. ಆದರೆ ಕಲ್ಲುಕುಟಿಗನ ಕೈಲಿ ಕೆಲಸ ಮಾಡಿಸಿ ನೀನು ಡ್ರಾಯಿಂಗ್ ಹಿಡಕೊಂಡು ನಿಂತ್ಕೊಳ್ಳೋ ಹಾಗಿಲ್ಲ. ನೀನೂ ಕುಟ್ಟಬೇಕು."

ಬಾಸ್ ಕೂಗಾಡಿದ, ಆಮೇಲೆ ಸುಮ್ಮನಾದ, ಎರಡು ದಿನದ ನಂತರ ಶಿಕಾಗೋದಿಂದ ತಾನೇ ಒಂದು ಗ್ರೈಂಡರ್ ತಂದು ಇಳಿಸಿ ಹೋದ. ಉಳಿದಿದ್ದದ್ದು ಎರಡು ವಾರದ ಮೇಲೆ ಸ್ವಲ್ಪ. ಎರಡು ಕಬ್ಬಿಣದ ತೋಳುಗಳಿರುವ ಮರದ ಕ್ರೇನಿನಿಂದ ಕಲ್ಲನ್ನು ಎತ್ತಿ ಮತ್ತೆ ಮಗುಚಿದೆವು. ಈ ಸಲ ನಾನು ಉಸಿರೂ ಬಿಡಲಿಲ್ಲ. ಡೆಟ್ರಾಯಿಟ್‌ನ ಕಲ್ಲುಕುಟಿಗ ಮತ್ತೆ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದ. "ಡ್ರಾಯಿಂಗ್‌ನಲ್ಲಿ ಹಾಗೇ ಇತ್ತು," ಎಂದು ಬಾಗಿಲಲ್ಲೇ ಹೇಳಿದ. "ಗೊತ್ತಪ್ಪಾ, ಗೊತ್ತು," ಎಂದೆ. ಮಾಸ್ಕ್ ಹಾಕಿಕೊಂಡು, ನೀರು ಹಾಯಿಸುತ್ತಾ, ಅವನು ಗ್ರೈಂಡರಿನಿಂದ ದಪ್ಪ ಕೆಲಸ ಮುಗಿಸಿದ.

ನಾಜೂಕಿನ ಕೆಲಸ ಕೈಯದು. ಅದಕ್ಕೆ ಗಿರಣಿಗಾರರು ಸಸೆಕ್ಸ್‌ನ ಒಬ್ಬ ನಿವೃತ್ತ ಕಲ್ಲು ಕೆಲಸಗಾರರನ್ನು ವಿಡಿಯೋ ಕಾಲ್‌ನಲ್ಲಿ ಹಿಡಿದರು. ನಮಗೆ ಬೆಳಗಿನ ಒಂಬತ್ತು, ಅವರಿಗೆ ಮಧ್ಯಾಹ್ನದ ಟೀ. ಅವರು ನನ್ನ ತಪ್ಪಿನ ಕಥೆ ಕೇಳಿ ಟೀ ಚೆಲ್ಲುವಷ್ಟು ನಕ್ಕು, ಅನಂತರ ಒಂದೊಂದೇ ಹೇಳಿಕೊಟ್ಟರು. ಹೊಟ್ಟಿನ ಚೀಲದ ಮೇಲೆ ಮೊಣಕೈ ಊರಿ ಒರಗಬೇಕು. ಎರಡೂ ಕಡೆ ಹರಿತವಾದ ಉಕ್ಕಿನ ಉಳಿಯನ್ನು ಮರದ ಹಿಡಿಗೆ ಸಿಕ್ಕಿಸಿ, ಭುಜ ಅಲ್ಲಾಡಿಸದೆ, ಮಣಿಕಟ್ಟಿನಿಂದ ಮಾತ್ರ ಟಕ್ ಟಕ್ ಎಂದು ಕುಟ್ಟಬೇಕು. ಮುಖ ಮಟ್ಟವಾಗಿದೆಯೇ ಎಂದು ನೋಡಲು ನೇರವಾದ ಮರದ ಪಟ್ಟಿಗೆ ಕೆಂಪು ಮಣ್ಣಿನ ಬಣ್ಣ ಬಳಿದು ಕಲ್ಲಿನ ಮೇಲೆ ಎಳೆಯಬೇಕು. ಎಲ್ಲಿ ಕೆಂಪು ಹತ್ತುತ್ತದೋ ಅಲ್ಲಿ ಉಬ್ಬಿದೆ ಎಂದರ್ಥ.

ಆ ಬಣ್ಣದ ಪುಡಿ ನಮ್ಮಲ್ಲಿರಲಿಲ್ಲ. ಆನ್‌ಲೈನ್ ಆರ್ಡರ್ ಮಾಡಿದರೆ ಒಂದು ವಾರ ಎಂದಿತು. ಫೋನಿನಲ್ಲಿದ್ದ ಕೆಂಪು ಚಿತ್ರವನ್ನು ಆಂಟಿ ಬಗ್ಗಿ ನೋಡಿದರು.

"ಇದು ಕೆಮ್ಮಣ್ಣು ಅಲ್ಲೇನ? ಹೊಸ್ತಿಲಕ್ಕ ಬಳೀತೀವಲ್ಲ, ಅದು. ಡೆವನ್ ಅವೆನ್ಯೂದಾಗ ಸಿಗತೈತಿ ತಗೋ."

ಶಿಕಾಗೋದಲ್ಲಿ ನಮ್ಮವರ ಅಂಗಡಿಗಳೇ ತುಂಬಿರುವ ಡೆವನ್ ಅವೆನ್ಯೂಗೆ ಹೋಗಿ ಪಾರ್ಕಿಂಗಿಗೆ ಮುಕ್ಕಾಲು ಗಂಟೆ ಸುತ್ತಿ, ಪೂಜಾ ಸಾಮಾನಿನ ಅಂಗಡಿಯಲ್ಲಿ ಎರಡು ಪೊಟ್ಟಣ ಕೆಮ್ಮಣ್ಣು ತಂದೆ. ಅದನ್ನು ಕಲಸಿ ಪಟ್ಟಿಗೆ ಬಳಿದು ಎಳೆದಾಗ ಸಸೆಕ್ಸ್‌ನವರು ಪರದೆಯ ಹತ್ತಿರ ಬಂದು, "ಇದು ನಮ್ಮದಕ್ಕಿಂತ ಚೆನ್ನಾಗಿ ಹತ್ತುತ್ತೆ, ಎಲ್ಲಿಂದ ತಂದೆ?" ಎಂದರು. ಆಂಟಿ ಮುಖದಲ್ಲಿ ಬಂದ ಗತ್ತು ನೋಡಬೇಕಿತ್ತು.

ಮೊದಲ ದಿನ ಒಂದೂವರೆ ಅಡಿ ಸಾಲು ಕೆತ್ತುವಷ್ಟರಲ್ಲಿ ಮಣಿಕಟ್ಟು ಬಾತುಕೊಂಡಿತು. ಎರಡನೇ ದಿನ ನನ್ನ ಪೆಟ್ಟಿಗೆ ಸಾಲಿನ ಅಂಚು ಚಕ್ಕೆ ಎದ್ದಿತು. ಗಿರಣಿಗಾರರು ಕುರ್ಚಿಯಿಂದಲೇ, "ಕೋಪ ಇದ್ದಾಗ ಕಲ್ಲು ಮುಟ್ಟಬೇಡ," ಎಂದರು. "ನನಗೆ ನನ್ನ ಮೇಲೇ ಕೋಪ," ಎಂದೆ. "ಕಲ್ಲಿಗೆ ಅದೆಲ್ಲ ಗೊತ್ತಾಗಲ್ಲ," ಎಂದರು. ಮೂರನೇ ದಿನದಿಂದ ಕೈಗೆ ಲಯ ಸಿಕ್ಕಿತು. ಐದನೇ ದಿನಕ್ಕೆ ನಾನು ಹಾಡು ಗುನುಗುತ್ತಿದ್ದೆನಂತೆ, ಕಲ್ಲುಕುಟಿಗ ದೂರು ಹೇಳಿದ. ನಲವತ್ತು ಸಾಲುಗಳಲ್ಲಿ ಹದಿಮೂರು ನನ್ನವು. ಅವು ಯಾವುವು ಎಂದು ನೋಡಿದರೇ ತಿಳಿಯುತ್ತದೆ, ಸ್ವಲ್ಪ ಸೊಟ್ಟ.

ಕೊನೆಯ ಶನಿವಾರ ಮಂಡಳಿಯವರು ಹತ್ತು ಗಂಟೆಗೆ ಬಂದು ಮಡಚುವ ಕುರ್ಚಿಗಳಲ್ಲಿ ಕೂತರು. ಗಾಳಿ ಮಾತ್ರ ಬರಲಿಲ್ಲ. ಶಿಕಾಗೋ ಸುತ್ತಮುತ್ತ ಗಾಳಿಗೆ ಬರವೇ? ಅಂದು ಹುಲ್ಲುಕಡ್ಡಿಯೂ ಅಲುಗಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಅಧ್ಯಕ್ಷೆ ಗಡಿಯಾರ ನೋಡಿದರು. ಆಂಟಿ ಎಲ್ಲರಿಗೂ ಚಹಾ, ಚೂಡಾ ಹಂಚಿ ಯಾರೂ ಎದ್ದು ಹೋಗದ ಹಾಗೆ ನೋಡಿಕೊಂಡರು. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಲೇ ಒಬ್ಬರು ಮೂರನೇ ಸಲ ಹಾಕಿಸಿಕೊಂಡರು. ಎರಡು ಗಂಟೆಯ ಹೊತ್ತಿಗೆ ನೈಋತ್ಯದ ಮೆಕ್ಕೆಜೋಳದ ಹೊಲ ಸರಸರ ಎಂದಿತು. ಗಿರಣಿಗಾರರು ಯಾರ ಸಹಾಯವೂ ಇಲ್ಲದೆ ಎದ್ದು ಬ್ರೇಕಿನ ಹಗ್ಗ ಎಳೆದರು.

ರೆಕ್ಕೆ ತಿರುಗಿತು, ಹಲ್ಲುಗಳು ಕಟಕಟ ಎಂದವು, ಮೇಲುಗಲ್ಲು ಹೊರಟಿತು. ನಾನು ಸೆನ್ಸರ್ ಹಚ್ಚಿದ್ದೆ, ಆದರೆ ಪರದೆ ನೋಡುವ ಧೈರ್ಯವಾಗದೆ ನೆಲಕ್ಕೆ ಅಂಗಾಲು ಒತ್ತಿ ನಿಂತೆ. ಧಡಧಡ ಇರಲಿಲ್ಲ. ಒಂದೇ ಸಮನೆ ಗುಂಯ್ ಎಂಬ ಸದ್ದು. ಕೊಳವೆಯಿಂದ ಹಿಟ್ಟು ಇಳಿಯಿತು. ಆಂಟಿ ಮೊಣಕೈವರೆಗೂ ಕೈ ಹಾಕಿ ಹಾಗೇ ಇಟ್ಟುಕೊಂಡರು.

"ತಣ್ಣಗೈತಿ ತಂಗಿ. ರೇಷ್ಮಿ ಆಗೈತಿ!"

ಥರ್ಮಾಮೀಟರ್ ತೊಂಬತ್ತೆರಡು ತೋರಿಸಿತು. ನಾನು ಅಳುತ್ತಿದ್ದೆ, ಜೊತೆಗೆ ನಗುತ್ತಲೂ ಇದ್ದೆ. ಮುಖದ ತುಂಬ ಹಿಟ್ಟು ಬೇರೆ.

ಚೀಲ ತುಂಬಿದ ಮೇಲೆ ಅಧ್ಯಕ್ಷೆ ನನ್ನ ರಿಪೋರ್ಟಿನ ಕೊನೆಯ ಪುಟವನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು. ಮೇಲುಗಲ್ಲಿನ ಅರ್ಧ ಇಂಚು ನಷ್ಟವಾದದ್ದು ನನ್ನ ಡ್ರಾಯಿಂಗಿನ ತಪ್ಪಿನಿಂದ, ಕಲ್ಲುಕುಟಿಗನದಾಗಲಿ ಕಲ್ಲಿನದಾಗಲಿ ದೋಷವಿಲ್ಲ ಎಂದು ಅದರಲ್ಲಿ ಬರೆದಿದ್ದೆ. ಆ ಸಾಲನ್ನು ತೆಗೆಯಲು ಬಾಸ್ ಎರಡು ಸಲ ಹೇಳಿ, ಮೂರನೇ ಸಲ ಹೇಳದೆ ಸಹಿ ಹಾಕಿದ್ದ. ಈಗ ಹಿಂದಿನ ಸಾಲಿನಲ್ಲಿ ಕೂತು ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಅಧ್ಯಕ್ಷೆ ಗಿರಣಿಗಾರರ ಕಡೆ ತಿರುಗಿದರು.

"ಗಿರಣಿ ಬೀಸಲಿ, ಅದರಲ್ಲಿ ನಮ್ಮದೇನೂ ತಕರಾರಿಲ್ಲ. ಆದರೆ ಇನ್ನು ಮುಂದೆ ಈ ಕಲ್ಲನ್ನ ಯಾರ ಕೈಗೆ ಕೊಡೋಣ? ಬೇರೆ ಯಾರನ್ನಾದರೂ ಹುಡುಕೋದಾ?"

ಗಿರಣಿಗಾರರು ನನ್ನ ಕಡೆ ಕೋಲು ತೋರಿಸಿದರು. "ಇವಳಿಗೇ ಕೊಡಿ. ಈ ಕಲ್ಲನ್ನ ಹಾಳು ಮಾಡೋದು ಹೇಗೆ, ಸರಿ ಮಾಡೋದು ಹೇಗೆ, ಎರಡೂ ಗೊತ್ತಿರೋದು ಇವಳಿಗೊಬ್ಬಳಿಗೇ." ಮಂಡಳಿಯವರು ನಕ್ಕರು, ಕೈಗಳು ಮೇಲೆದ್ದವು. ಆಮೇಲೆ ಗಿರಣಿಗಾರರು ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಕಲ್ಲು ಇನ್ನೆಷ್ಟು ದಪ್ಪ ಉಳಿದಿದೆ?"

"ಐದೂವರೆ ಇಂಚು."

"ನಿನ್ನ ಕಾಲಕ್ಕೆ ಧಾರಾಳವಾಯ್ತು," ಎಂದರು. "ನಿನ್ನ ನಂತರ ಬರೋರಿಗೂ ಉಳಿಸು."